ಶಾಲೆಯ ಹಾದಿಯ ಕೆಸರು: ಎಂಟನೇ ತರಗತಿಗೆ ಒಂದು ವಿಜ್ಞಾನ–ಗಣಿತ ಸಂಯೋಜಿತ ಪಾಠ

ಶಾಲಾ ಅನುಭವ ಕಾರ್ಯಕ್ರಮದ ಅವಧಿಯಲ್ಲಿ ನನ್ನನ್ನು ನವಲಗುಂದ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಗೆ ನಿಯೋಜಿಸಲಾಗಿತ್ತು. ನನ್ನ ಬೋಧನಾ ವಿಷಯಗಳು ಭೌತವಿಜ್ಞಾನ ಮತ್ತು ಗಣಿತ. ಎಂಟನೇ ತರಗತಿಗೆ ‘ಬಲ ಮತ್ತು ಒತ್ತಡ’ ಹಾಗೂ ‘ಕ್ಷೇತ್ರಗಣಿತ’ ಘಟಕಗಳನ್ನು ಬೋಧಿಸಬೇಕಿತ್ತು. ಈ ಎರಡು ಘಟಕಗಳನ್ನು ಬೇರೆ ಬೇರೆಯಾಗಿ ಬೋಧಿಸುವ ಬದಲು, ಡಾಂಬರು ರಸ್ತೆಯಿಂದ ಶಾಲೆಯ ಗೇಟಿನವರೆಗಿನ 180 ಮೀಟರ್ ಮಣ್ಣಿನ ಹಾದಿಯನ್ನೇ ಪಾಠದ ವಸ್ತುವಾಗಿ ತೆಗೆದುಕೊಂಡು ಎಂಟು ಅವಧಿಗಳ ಪಾಠ ಸರಣಿ ರೂಪಿಸಿದೆ. ಆ ಸರಣಿಯ ವಿವರ ಇಲ್ಲಿದೆ. ಎರೆ ಮಣ್ಣಿನ ಸೀಮೆಯ ಶಾಲೆಗಳಿಗೆ ಹೋಗುವ ಸಹಪ್ರಶಿಕ್ಷಣಾರ್ಥಿಗಳು ತಮ್ಮ ಊರಿನ ಅಳತೆ ಹಾಕಿಕೊಂಡು ಇದನ್ನು ನೇರವಾಗಿ ಬಳಸಬಹುದು.

ಈ ವಸ್ತುವನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಹಾಜರಿ ಪುಸ್ತಕ. ರಾತ್ರಿ ಮಳೆಯಾದರೆ ಮರುದಿನ ತರಗತಿ ಅರ್ಧ ಖಾಲಿ. ಹೊಲಮನೆಗಳಿಂದ ಬರುವ ಮಕ್ಕಳ ಹೆಸರಿನ ಮುಂದೆ ‘ಗೈ’ ಬೀಳುತ್ತಿತ್ತು. ಬಂದವರು ಚಪ್ಪಲಿ ಕೈಯಲ್ಲಿ ಹಿಡಿದು, ಮೊಣಕಾಲಿನ ತನಕ ಕೆಸರು ಮಾಡಿಕೊಂಡು ಬೋರಿನ ಹತ್ತಿರ ಸಾಲು ನಿಲ್ಲುತ್ತಿದ್ದರು. ಪಾಠದ ಮೊದಲ ಅವಧಿ ಕಾಲು ತೊಳೆಯುವುದರಲ್ಲೇ ಮುಗಿಯುತ್ತಿತ್ತು. ಬಿಸಿಯೂಟದ ಸಾಮಾನಿನ ಗಾಡಿ ಡಾಂಬರು ರಸ್ತೆಯಲ್ಲೇ ನಿಂತು, ಅಡುಗೆಯವರು ಅಕ್ಕಿ ಚೀಲವನ್ನು ಹೊತ್ತು ತಂದದ್ದನ್ನೂ ನಾನು ನೋಡಿದ್ದೇನೆ. ಮಕ್ಕಳಿಗೆ ಇದು ಹೊಸದಲ್ಲ. ಮಳೆಗಾಲ ಅಂದರೆ ಹೀಗೇ ಎಂದು ಅವರು ಒಪ್ಪಿಕೊಂಡುಬಿಟ್ಟಿದ್ದರು.

ಮೊದಲ ಅವಧಿ: ಹಾದಿ ಯಾಕೆ ಕೆಡುತ್ತದೆ?

ಪೀಠಿಕಾ ಪ್ರಶ್ನೆಯಾಗಿ “ಈ ಹಾದಿ ಸರಿಯಾಗಬೇಕಾದರೆ ಏನು ಮಾಡಬೇಕು?” ಎಂದು ಕೇಳಿದೆ. ಸಿಮೆಂಟ್ ರಸ್ತೆ, ಡಾಂಬರು, ಎರಡು ಟ್ರ್ಯಾಕ್ಟರ್ ಖಡಿ: ಉತ್ತರಗಳು ಈ ಮೂರರಲ್ಲೇ ಸುತ್ತಿದವು. ಎಲ್ಲವೂ ಮೇಲಿನಿಂದ ಏನನ್ನಾದರೂ ಹಾಕುವ ಉತ್ತರಗಳೇ. ನೀರಿನ ಮಾತನ್ನು ಯಾರೂ ಆಡಲಿಲ್ಲ. ನಾನೂ ಹೇಳಲಿಲ್ಲ. ಎಲ್ಲ ಉತ್ತರಗಳನ್ನು ಹಲಗೆಯ ಎಡಗಡೆ ಬರೆದು, ಸರಣಿ ಮುಗಿಯುವವರೆಗೆ ಅಳಿಸದಂತೆ ಗೆರೆ ಎಳೆದಿಟ್ಟೆ.

ನಂತರ ತರಗತಿಯನ್ನು ಹಾದಿಗೆ ಕರೆದೊಯ್ದೆ. ಗೌಂಡಿಗಳು ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪನ್ನು ಒಬ್ಬ ವಿದ್ಯಾರ್ಥಿ ಮನೆಯಿಂದ ತಂದಿದ್ದ. ಪೈಪಿನ ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ ಎಂಬುದು ದ್ರವದ ಒತ್ತಡದ ಪಾಠವೇ. ಅದನ್ನು ಅಲ್ಲೇ ಹಾದಿಯ ಮೇಲೆ ವಿವರಿಸಿದೆ. ಪ್ರತಿ 20 ಮೀಟರಿಗೆ ಒಂದು ಗೂಟ ನೆಟ್ಟು, ಹಾದಿಯ ಎಡ ಅಂಚು, ನಡು, ಬಲ ಅಂಚು ಈ ಮೂರು ಕಡೆ ಮಟ್ಟ ತೆಗೆದರು. ಹಾದಿಯ ಅಗಲ 3 ಮೀಟರ್. ನಡುಭಾಗವು ಅಂಚುಗಳಿಗಿಂತ ಸರಾಸರಿ 9 ಸೆಂ.ಮೀ. ತಗ್ಗಿನಲ್ಲಿತ್ತು. ಎರಡೂ ಬದಿಯ ಹೊಲಗಳ ಬದುಗಳು ಅಂಚಿಗಿಂತಲೂ ಎತ್ತರ.

ಅಳತೆಗಳನ್ನು ಚೌಕುಳಿ ಹಾಳೆಯ ಮೇಲೆ ಬಿಡಿಸಿ ಹಾದಿಯ ಅಡ್ಡ ಸೀಳುನೋಟ ತೋರಿಸಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ, “ಟೀಚರ್, ಇದು ರಸ್ತಾ ಅಲ್ರಿ, ಕಾಲುವಿ ಐತ್ರಿ” ಎಂದ. ಪಾಠ ಯೋಜನೆಯಲ್ಲಿ ನಾನು ಬರೆದಿದ್ದ ಉದ್ದೇಶಿತ ಹೇಳಿಕೆಗಿಂತ ಅವನ ಮಾತೇ ಚೆನ್ನಾಗಿತ್ತು. ಹಲಗೆಯ ಬಲಗಡೆ ಅದನ್ನೇ ಬರೆದೆ.

ಎರಡು ಮತ್ತು ಮೂರನೇ ಅವಧಿ: ಎರೆ ಮಣ್ಣಿನ ಗುಣ

ಮಣ್ಣಿನ ವಿಧಗಳನ್ನು ಮಕ್ಕಳು ಹಿಂದಿನ ತರಗತಿಗಳಲ್ಲಿ ಕಲಿತಿದ್ದರು. ಆದರೆ ‘ಜೇಡಿ ಮಣ್ಣು ನೀರನ್ನು ಹಿಡಿದಿಡುತ್ತದೆ’ ಎಂಬುದು ಅವರಿಗೆ ಪರೀಕ್ಷೆಯ ಒಂದು ವಾಕ್ಯ ಮಾತ್ರ. ಹೊಲಕ್ಕೆ ವರವಾದ ಈ ಗುಣವೇ ಹಾದಿಗೆ ಕೇಡು ಎಂಬುದನ್ನು ಅವರೇ ಕಾಣಬೇಕಿತ್ತು. ಎರಡು ಮಣ್ಣುಗಳನ್ನು ತೆಗೆದುಕೊಂಡೆವು: ಹಾದಿಯ ಎರೆ ಮಣ್ಣು ಮತ್ತು ಹತ್ತಿರದ ಮರಡಿಯಿಂದ ತಂದ ಗರಸು.

ಬಾಟಲಿ ಪ್ರಯೋಗ ಎಲ್ಲರಿಗೂ ಗೊತ್ತಿರುವುದೇ. ಬಾಟಲಿಯ ಮೂರನೇ ಒಂದು ಭಾಗ ಪುಡಿ ಮಣ್ಣು, ಮೇಲೆ ನೀರು, ಚಿಟಿಕೆ ಸೋಪಿನ ಪುಡಿ. ಚೆನ್ನಾಗಿ ಕುಲುಕಿ ಇಡಬೇಕು. ಗರಸಿನ ಬಾಟಲಿಯಲ್ಲಿ ಹರಳು, ಮರಳು ಕ್ಷಣದಲ್ಲೇ ತಳ ಸೇರಿದವು. ಎರೆ ಮಣ್ಣಿನ ಬಾಟಲಿ ಎರಡು ದಿನ ಕಳೆದರೂ ಕದಡಿಯೇ ಇತ್ತು. ಕಣ ಎಷ್ಟು ಸಣ್ಣದೋ ಅಷ್ಟು ನಿಧಾನವಾಗಿ ಇಳಿಯುತ್ತದೆ ಎಂದು ಮಕ್ಕಳೇ ಹೇಳಿದರು.

ಹೆಚ್ಚು ಪರಿಣಾಮ ಬೀರಿದ್ದು ಉಬ್ಬುವಿಕೆಯ ಪ್ರಯೋಗ. ಒಣಗಿಸಿ ಜರಡಿ ಹಿಡಿದ ಎರೆ ಮಣ್ಣನ್ನು ಎರಡು ಅಳತೆಯ ಕೊಳವೆಗಳಲ್ಲಿ ತಲಾ 10 ಮಿ.ಲೀ. ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ 24 ಗಂಟೆ ಬಿಟ್ಟೆವು. ಸೀಮೆಎಣ್ಣೆಯಲ್ಲಿ ಮಣ್ಣು 10 ಮಿ.ಲೀ. ಆಗಿಯೇ ಉಳಿಯಿತು. ನೀರಿನಲ್ಲಿ 17ಕ್ಕೆ ಏರಿತ್ತು. ಅಂದರೆ 70 ಪ್ರತಿಶತ ಉಬ್ಬು. ರಸ್ತೆ ಕಟ್ಟುವ ಎಂಜಿನಿಯರುಗಳು ಮಣ್ಣಿನ ಉಬ್ಬುವ ಗುಣವನ್ನು ಅಳೆಯುವುದೂ ಇದೇ ಕ್ರಮದಲ್ಲಿ. ಎರೆ ಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜದ ಪದರಗಳ ನಡುವೆ ನೀರು ಹೊಕ್ಕು ಪದರಗಳನ್ನು ದೂರ ತಳ್ಳುತ್ತದೆ. ಸೀಮೆಎಣ್ಣೆಗೆ ಆ ಶಕ್ತಿಯಿಲ್ಲ. ಬೇಸಿಗೆಯಲ್ಲಿ ನೀರು ಹೊರಟುಹೋದಾಗ ಅದೇ ಮಣ್ಣು ಕುಗ್ಗಿ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಕೈ ತೂರಿಸಿದ ಅನುಭವ ಎಲ್ಲ ಮಕ್ಕಳಿಗೂ ಇತ್ತು. ಮುಂದಿನ ಮಳೆಯ ನೀರು ಆ ಬಿರುಕಿನಿಂದಲೇ ಒಳಗೆ ಇಳಿಯುತ್ತದೆ ಎಂಬುದನ್ನು ಒಬ್ಬ ಹುಡುಗಿ ತಾನಾಗಿಯೇ ಜೋಡಿಸಿದಳು.

ನಾಲ್ಕನೇ ಅವಧಿ: ಒತ್ತಡ

ಇಲ್ಲಿ ಪಠ್ಯದ ಸೂತ್ರ ಬಂತು: ಒತ್ತಡ = ಬಲ ÷ ವಿಸ್ತೀರ್ಣ. ಸುಮಾರು 3 ಕೆ.ಜಿ. ತೂಗುವ ಇಟ್ಟಿಗೆಯನ್ನು ನೆನೆದ ಎರೆ ಮಣ್ಣಿನ ತಟ್ಟೆಯ ಮೇಲೆ ಒಮ್ಮೆ ಅಗಲವಾಗಿ, ಒಮ್ಮೆ ನೆಟ್ಟಗೆ ಇಟ್ಟೆವು. ಅಗಲ ಮುಖ 22×10 ಸೆಂ.ಮೀ., ತುದಿ ಮುಖ 10×7 ಸೆಂ.ಮೀ. ಬಲ ಎರಡರಲ್ಲೂ 30 ನ್ಯೂಟನ್. ಒತ್ತಡ ಮೊದಲನೆಯದರಲ್ಲಿ ಚದರ ಸೆಂ.ಮೀ.ಗೆ 0.14, ಎರಡನೆಯದರಲ್ಲಿ 0.43 ನ್ಯೂಟನ್. ನೆಟ್ಟಗೆ ನಿಂತ ಇಟ್ಟಿಗೆ ನೋಡನೋಡುತ್ತ ಇಳಿಯಿತು. ಒಣ ಮಣ್ಣಿನ ತಟ್ಟೆಯಲ್ಲಿ ಎರಡೂ ಇಳಿಯಲಿಲ್ಲ. ಅದೇ ಮಣ್ಣು, ಅದೇ ಇಟ್ಟಿಗೆ. ಬದಲಾದದ್ದು ನೀರು ಮಾತ್ರ. ಕಬ್ಬಿಣದ ಪಟ್ಟಿಯ ಚಕ್ಕಡಿ ಗಾಲಿ ಯಾಕೆ ಗೆರೆ ಕೊರೆಯುತ್ತದೆ, ಟಾಯರ್ ಗಾಡಿ ಯಾಕೆ ಅಷ್ಟು ಕೊರೆಯುವುದಿಲ್ಲ ಎಂಬ ಪ್ರಶ್ನೆ ತಂತಾನೇ ಬಂತು.

ಮೂರನೇ ತಟ್ಟೆಯಲ್ಲಿ ನೆನೆದ ಎರೆ ಮಣ್ಣಿನ ಮೇಲೆ 5 ಸೆಂ.ಮೀ. ಗರಸು ಹಾಸಿ, ಒತ್ತಿ, ಇಟ್ಟಿಗೆಯನ್ನು ನೆಟ್ಟಗೆ ಇಟ್ಟಾಗ ಅದು ನಿಂತಿತು. ಗಟ್ಟಿ ಪದರವು ಭಾರವನ್ನು ಕೆಳಗೆ ಹೋಗುತ್ತ ಹರಡುತ್ತದೆ. 45 ಡಿಗ್ರಿಯಲ್ಲಿ ಹರಡುತ್ತದೆ ಎಂದು ಸರಳವಾಗಿ ಹಿಡಿದರೆ, 10 ಸೆಂ.ಮೀ. ಚೌಕದ ಗುರುತು 10 ಸೆಂ.ಮೀ. ದಪ್ಪದ ಪದರದ ಕೆಳಗೆ 30 ಸೆಂ.ಮೀ. ಚೌಕವಾಗುತ್ತದೆ, ಒತ್ತಡ ಒಂಬತ್ತನೇ ಒಂದು ಪಾಲಿಗೆ ಇಳಿಯುತ್ತದೆ. 15 ಸೆಂ.ಮೀ. ದಪ್ಪವಾದರೆ 40 ಸೆಂ.ಮೀ. ಚೌಕ, ಹದಿನಾರನೇ ಒಂದು ಪಾಲು. ವರ್ಗದ ಲೆಕ್ಕವನ್ನು ಇಷ್ಟು ಆಸಕ್ತಿಯಿಂದ ಮಾಡಿದ್ದನ್ನು ನಾನು ಬೇರೆ ಯಾವ ಪಾಠದಲ್ಲೂ ಕಾಣಲಿಲ್ಲ.

ಇದೇ ಅವಧಿಯಲ್ಲಿ ‘ಎರಡು ಟ್ರ್ಯಾಕ್ಟರ್ ಖಡಿ’ ಉತ್ತರವನ್ನೂ ಪರೀಕ್ಷಿಸಿದೆವು. ಕೆಸರಿನ ಮೇಲೆ ನೇರವಾಗಿ ಖಡಿ ಸುರಿದು ತುಳಿದಾಗ ಕಲ್ಲು ಕೆಳಗಿಳಿದು, ಸಂದಿನಿಂದ ಕೆಸರು ಮೇಲೆ ಬಂತು. ಐದು ನಿಮಿಷದಲ್ಲಿ ಖಡಿಯೇ ಕಾಣಲಿಲ್ಲ. “ಹೋದ ವರ್ಷ ನಮ್ಮ ಓಣ್ಯಾಗ ಹಾಕಿದ್ದೂ ಹಿಂಗ ಹೋತ್ರಿ” ಎಂಬ ಮಾತು ಬಂತು. ಕೆಸರಿನ ಮೇಲೆ ಮೊದಲು ಮರಳು ಅಥವಾ ಸಣ್ಣ ಗರಸಿನ ಪದರ ಹಾಸಿ ಆಮೇಲೆ ಖಡಿ ಹಾಕಿದ ತಟ್ಟೆಯಲ್ಲಿ ಕಲ್ಲು ಉಳಿಯಿತು. ದೊಡ್ಡ ರಸ್ತೆಗಳಲ್ಲಿ ಈ ಬೇರ್ಪಡಿಸುವ ಕೆಲಸಕ್ಕೆ ನೇಯ್ದ ಪ್ಲಾಸ್ಟಿಕ್ ಬಟ್ಟೆ ಹಾಸುವುದೂ ಉಂಟು ಎಂದು ಗೊಬ್ಬರದ ಚೀಲದ ತುಂಡು ಹಾಸಿ ತೋರಿಸಿದೆ.

ಸ್ಕಾಟ್ಲೆಂಡಿನ ಜಾನ್ ಮೆಕಾಡಮ್ (1756–1836) ಹೆಸರನ್ನು ಇಲ್ಲಿಯೇ ಹೇಳಿದೆ. ನೆಲವನ್ನು ಒಣಗಿಟ್ಟರೆ ನೆಲವೇ ಭಾರ ಹೊರುತ್ತದೆ, ಮೇಲಿನ ಕಲ್ಲಿನ ಪದರದ ಮುಖ್ಯ ಕೆಲಸ ನೀರು ಒಳಗೆ ಇಳಿಯದಂತೆ ತಡೆಯುವುದು ಎಂಬುದು ಅವನ ವಾದ. ರಸ್ತೆಯನ್ನು ಸುತ್ತಲಿನ ನೆಲಕ್ಕಿಂತ ಎತ್ತರಿಸಿ, ಬದಿಗೆ ಗಟಾರ ತೆಗೆದು, ಸಣ್ಣದಾಗಿ ಒಡೆದ ಕಲ್ಲನ್ನು ಹಾಸುವ ಅವನ ಪದ್ಧತಿ ಹಳೆಯ ದಪ್ಪ ಕಲ್ಲಿನ ರಸ್ತೆಗಳಿಗಿಂತ ಅಗ್ಗವಾಗಿತ್ತು. ‘ಟಾರ್ ರೋಡ್’ ಎಂದು ಮಕ್ಕಳು ಕರೆಯುವ ರಸ್ತೆಯ ಪೂರ್ವಜ ಅದು.

ಐದರಿಂದ ಏಳನೇ ಅವಧಿ: ಲೆಕ್ಕ

ಈಗ ಗಣಿತ. ಕಡಿಮೆ ಖರ್ಚಿನಲ್ಲಿ ಏನು ಸಾಧ್ಯ ಎಂಬುದನ್ನು ಮಕ್ಕಳು ಲೆಕ್ಕ ಹಾಕಬೇಕು. ರೂಪಾಯಿಯನ್ನು ಬೇಕೆಂದೇ ಹಲಗೆಗೆ ತರಲಿಲ್ಲ. ದರ ಊರಿಂದೂರಿಗೆ, ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಘನ ಮೀಟರ್ ಬದಲಾಗುವುದಿಲ್ಲ.

ಮೊದಲು ಗಟಾರ. ಮೇಲಗಲ 60 ಸೆಂ.ಮೀ., ತಳದಗಲ 30 ಸೆಂ.ಮೀ., ಆಳ 30 ಸೆಂ.ಮೀ. ಅಡ್ಡ ಸೀಳು ತ್ರಾಪಿಜ್ಯ. ವಿಸ್ತೀರ್ಣ (0.6 + 0.3) ÷ 2 × 0.3 = 0.135 ಚ.ಮೀ. ಎರಡೂ ಬದಿ ಸೇರಿ ಉದ್ದ 360 ಮೀಟರ್. ತೆಗೆಯುವ ಮಣ್ಣು 48.6 ಘನ ಮೀಟರ್.

ಆ ಮಣ್ಣನ್ನು ಎಲ್ಲಿ ಹಾಕುವುದು? ಹಾದಿಯ ನಡುವಿಗೇ. ಮಣ್ಣಿನ ರಸ್ತೆಗೆ ನಡುವಿನಿಂದ ಅಂಚಿಗೆ 100ಕ್ಕೆ 4ರಿಂದ 5ರಷ್ಟು ಇಳಿಜಾರು ಬೇಕು. ಅರ್ಧ ಅಗಲ 150 ಸೆಂ.ಮೀ.; 4 ಪ್ರತಿಶತ ಎಂದರೆ ನಡು 6 ಸೆಂ.ಮೀ. ಎತ್ತರವಿರಬೇಕು. ಈಗಿನ 9 ಸೆಂ.ಮೀ. ತಗ್ಗನ್ನೂ ತುಂಬಬೇಕು. ಎರಡನ್ನೂ ತ್ರಿಭುಜವೆಂದು ಹಿಡಿದರೆ ಅಡ್ಡ ಸೀಳು 0.135 + 0.09 = 0.225 ಚ.ಮೀ.; 180 ಮೀಟರಿಗೆ 40.5 ಘನ ಮೀಟರ್. ಗಟಾರದ ಮಣ್ಣು ಗಟ್ಟಿಮಾಡುವಾಗ ಹತ್ತರಲ್ಲೊಂದು ಪಾಲು ಕುಗ್ಗುತ್ತದೆ ಎಂದು ಹಿಡಿದರೂ 43.7 ಉಳಿಯುತ್ತದೆ. ಅಂದರೆ ಹೊರಗಿನಿಂದ ಒಂದು ಬುಟ್ಟಿ ಮಣ್ಣೂ ತರದೆ ಕಾಲುವೆಯನ್ನು ರಸ್ತೆ ಮಾಡಬಹುದು. ಈ ಉತ್ತರ ಹಲಗೆಯ ಮೇಲೆ ಬಂದಾಗ ತರಗತಿಯಲ್ಲಿ ಆದ ಗದ್ದಲಕ್ಕೆ ಪಕ್ಕದ ತರಗತಿಯ ಶಿಕ್ಷಕರು ಬಂದು ಇಣುಕಿದರು.

ಶೇಕಡ 4ನ್ನು ಹಲವರು 4 ಡಿಗ್ರಿ ಎಂದುಕೊಂಡರು. ಕೋನಮಾಪಕ ತೆಗೆದು ಬಿಡಿಸಲು ಹೊರಟವರಿಗೆ 100 ಹೆಜ್ಜೆ ಹೋದರೆ 4 ಹೆಜ್ಜೆ ಇಳಿಯುವುದು ಎಂದು ಹೇಳಿದ ಮೇಲೆ ಸರಿಹೋಯಿತು. ಸೆಂ.ಮೀ.ಯಿಂದ ಮೀಟರಿಗೆ ಬದಲಿಸುವಲ್ಲಿ ತೊಡಕು ಕೊನೆಯವರೆಗೂ ಇತ್ತು. ಈ ಸರಣಿ ಕೈಗೊಳ್ಳುವವರು ಏಕಮಾನ ಪರಿವರ್ತನೆಗೆ ಅರ್ಧ ಅವಧಿ ಮೀಸಲಿಡುವುದು ಒಳ್ಳೆಯದು.

ಗರಸಿನ ಲೆಕ್ಕ: 3 × 180 × 0.10 = 54 ಘನ ಮೀಟರ್. ಸಡಿಲವಾಗಿ ತರುವ ಗರಸು ಗಟ್ಟಿಯಾದಾಗ ಇಳಿಯುವುದರಿಂದ 30 ಪ್ರತಿಶತ ಹೆಚ್ಚು, ಅಂದರೆ ಸುಮಾರು 70. ತಂದೆ ಟ್ರ್ಯಾಕ್ಟರ್ ಓಡಿಸುವ ವಿದ್ಯಾರ್ಥಿಯೊಬ್ಬ, “ಘನ ಮೀಟರ್ ಅಂದ್ರ ಯಾರಿಗೂ ತಿಳಿಯಂಗಿಲ್ರಿ, ಬ್ರಾಸ್‌ನ್ಯಾಗ ಹೇಳ್ಬೇಕ್ರಿ” ಎಂದ. ಒಂದು ಬ್ರಾಸ್ ಎಂದರೆ 100 ಘನ ಅಡಿ, 2.83 ಘನ ಮೀಟರ್. 25 ಬ್ರಾಸ್ ಬೇಕು. ಅದು ಹೆಚ್ಚಾಯಿತು ಎಂದು ಒಂದು ಗುಂಪು ತಕರಾರು ತೆಗೆದು, ನೀರು ಹೆಚ್ಚು ನಿಲ್ಲುವ 60 ಮೀಟರಿಗೆ ಮಾತ್ರ 15 ಸೆಂ.ಮೀ. ಹಾಕಿದರೆ 13 ಬ್ರಾಸ್ ಸಾಕು ಎಂದು ತೋರಿಸಿತು. ಉಳಿದ 120 ಮೀಟರಿನಲ್ಲಿ ಚಪ್ಪಲಿಗೆ ಮಣ್ಣು ಹತ್ತುವುದು ತಪ್ಪುವುದಿಲ್ಲ, ಆದರೆ ನೀರು ನಿಲ್ಲುವುದಿಲ್ಲ. ಯಾವುದು ಮೇಲು ಎಂಬ ಚರ್ಚೆ ಮುಗಿಯಲಿಲ್ಲ; ಮುಗಿಸುವ ಅಗತ್ಯವೂ ನನಗೆ ಕಾಣಲಿಲ್ಲ.

ಸುಣ್ಣವನ್ನೂ ಪರೀಕ್ಷಿಸಿದೆವು. 100 ಗ್ರಾಂ ಎರೆ ಮಣ್ಣಿಗೆ 4 ಗ್ರಾಂ ಅರಳಿಸಿದ ಸುಣ್ಣ ಬೆರೆಸಿ ಉಂಡೆ ಕಟ್ಟಿ, ಒಂದು ವಾರ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ನಂತರ ಒಣಗಿಸಿ ನೀರಿಗೆ ಹಾಕಿದಾಗ ಉಂಡೆ ಉಳಿಯಿತು. ಸುಣ್ಣವಿಲ್ಲದ ಒಣ ಉಂಡೆ ಬೇಗನೆ ಕರಗಿತು. ಸುಣ್ಣ ಬೆರೆಸುವ ಕೆಲಸವನ್ನು ಶಿಕ್ಷಕರೇ ಮಾಡಬೇಕು, ಕಣ್ಣಿಗೆ ಅಪಾಯ. ಹಾದಿಯ ಮೇಲಿನ 15 ಸೆಂ.ಮೀ. ಮಣ್ಣಿಗೆ ಇದೇ ಪ್ರಮಾಣ ಹಾಕಿದರೆ ಎಷ್ಟು ಸುಣ್ಣ? 81 ಘನ ಮೀಟರ್, ಸುಮಾರು 120 ಟನ್ ಮಣ್ಣು, ಹತ್ತಿರ ಹತ್ತಿರ 5 ಟನ್ ಸುಣ್ಣ. ಪ್ರಯೋಗ ಗೆದ್ದರೂ ಬಜೆಟ್ ಸೋಲುವುದನ್ನು ಮಕ್ಕಳು ನೋಡಿದರು.

ಕೆಲಸ ಯಾವಾಗ ಮಾಡಬೇಕು ಎಂಬ ಪ್ರಶ್ನೆಗೆ ನನಗಿಂತ ಮಕ್ಕಳಿಗೇ ಚೆನ್ನಾಗಿ ಉತ್ತರ ಗೊತ್ತಿತ್ತು. ತೀರ ಒಣಗಿದ ಮಣ್ಣು ಕೂಡುವುದಿಲ್ಲ, ತೀರ ಒದ್ದೆಯಾದರೆ ಪಿಚಿಕೆಯಾಗುತ್ತದೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಅಂಗೈ ಒದ್ದೆಯಾಗಬಾರದು. ಬಿತ್ತನೆಗೆ ರೈತರು ‘ಹದ’ ಎನ್ನುವ ಮಾತನ್ನೇ ನಾನು ಮಣ್ಣನ್ನು ಗಟ್ಟಿಮಾಡುವ ಪಾಠಕ್ಕೂ ಬಳಸಿದೆ. ಮಳೆ ನಿಂತು ಹದ ಬಂದಾಗ, 10 ಸೆಂ.ಮೀ.ಗಿಂತ ಹೆಚ್ಚಿಲ್ಲದ ಪದರಗಳಲ್ಲಿ ಹಾಕಿ, ಪ್ರತಿ ಪದರವನ್ನೂ ದಮ್ಮಸು ಮಾಡಬೇಕು.

ನೀರು ಎಲ್ಲಿಗೆ ಹೋಗಬೇಕು?

ಎಂಟನೇ ಅವಧಿಗೆ ನಾನು ಮೌಲ್ಯಮಾಪನ ಇಟ್ಟುಕೊಂಡಿದ್ದೆ. ಅದು ಬೇರೆ ದಾರಿ ಹಿಡಿಯಿತು. ಗಟಾರದ ನೀರು ಹಳ್ಳ ಸೇರಬೇಕಾದರೆ ತಗ್ಗಿನ ತುದಿಯ ಒಂದು ಹೊಲದ ಬದಿಯಲ್ಲಿ ಹಾಯಬೇಕು. ಆ ಹೊಲದವರು ಹಿಂದೆ ಬದು ಹಾಕಿ ನೀರಿನ ದಾರಿ ಮುಚ್ಚಿದ್ದರು. ಹಾದಿಯಲ್ಲಿ ನೀರು ನಿಲ್ಲಲು ಅದೂ ಒಂದು ಕಾರಣ. ನಕ್ಷೆಯಲ್ಲಿ ಬಾಣದ ಗುರುತು ಅಲ್ಲಿಗೆ ಬಂದು ನಿಂತಾಗ ತರಗತಿ ಸುಮ್ಮನಾಯಿತು. ಆ ಹೊಲದ ಮನೆಯ ಹುಡುಗಿ ಅದೇ ತರಗತಿಯಲ್ಲಿದ್ದಳು.

ತಪ್ಪು ಯಾರದು ಎಂಬ ಕಡೆಗೆ ಮಾತು ಹೊರಳುವ ಮುನ್ನ ಪ್ರಶ್ನೆಯನ್ನು ಬದಲಿಸಿದೆ: “ಈ ಬದು ಯಾಕೆ ಹಾಕಿರಬಹುದು?” ಹಾದಿಯ ನೀರು ನುಗ್ಗಿದರೆ ಹೊಲದ ಮೇಲ್ಮಣ್ಣು ಕೊಚ್ಚಿಹೋಗುತ್ತದೆ ಎಂದು ಮೂರ್ನಾಲ್ಕು ಮಕ್ಕಳು ಹೇಳಿದರು. ಎಷ್ಟು ನೀರು ಬರುತ್ತದೆ ಎಂದು ಲೆಕ್ಕ ಮಾಡಿಸಿದೆ. 1 ಸೆಂ.ಮೀ. ಮಳೆಗೆ 180 × 3 × 0.01 = 5.4 ಘನ ಮೀಟರ್, ಅಂದರೆ 5,400 ಲೀಟರ್, ಹಾದಿಯ ಮೇಲೆ ಬಿದ್ದದ್ದು ಮಾತ್ರ. ಹುಡುಗಿ ಲೆಕ್ಕವನ್ನು ಬರೆದುಕೊಂಡು ಹೋದಳು. ಎರಡು ದಿನದ ನಂತರ ಬಂದು, “ನಮ್ಮ ಅಜ್ಜ ಹೇಳ್ಯಾರ್ರಿ ಟೀಚರ್, ನೀರು ಬ್ಯಾಡ ಅನ್ನಂಗಿಲ್ಲ, ಕೃಷಿ ಹೊಂಡಕ್ಕ ಬಿಡ್ರಿ, ಆದ್ರ ರಾಡಿ ಬರಬಾರ್ದು ಅಂತ” ಎಂದಳು. ಹೊಂಡಕ್ಕೆ ಸೇರುವ ಮುಂಚೆ ಹೂಳು ಇಳಿಯಲು ಒಂದು ಗುಂಡಿ ಬೇಕು ಎಂಬುದನ್ನು ಬಾಟಲಿ ಪ್ರಯೋಗ ಮಾಡಿದ್ದ ಗುಂಪು ತಕ್ಷಣ ಹೇಳಿತು. ಎರೆ ಮಣ್ಣು ಎರಡು ದಿನವಾದರೂ ತಿಳಿಯಾಗುವುದಿಲ್ಲವಲ್ಲ ಎಂದು ಇನ್ನೊಂದು ಗುಂಪು ಆಕ್ಷೇಪಿಸಿತು. ಎರಡೂ ಸರಿ: ಗುಂಡಿ ಮರಳು, ಹೆಂಟೆಯನ್ನು ತಡೆದೀತು, ಜೇಡಿಯನ್ನಲ್ಲ. ಹೊಂಡವನ್ನು ವರ್ಷಕ್ಕೊಮ್ಮೆ ಹೂಳೆತ್ತಬೇಕಾಗುತ್ತದೆ ಎಂದು ವರದಿಯಲ್ಲಿ ಸೇರಿಸಿದರು.

ನನ್ನ ಪಾಠ ವೀಕ್ಷಿಸಿದ ಮಾರ್ಗದರ್ಶಕ ಉಪನ್ಯಾಸಕರು ಈ ಅವಧಿಯ ಬಗ್ಗೆ, ಯೋಜನೆಯಲ್ಲಿದ್ದ ಮೌಲ್ಯಮಾಪನ ಪ್ರಶ್ನೆಗಳು ಕೇಳಲ್ಪಡಲಿಲ್ಲ, ವಿಷಯ ಪಠ್ಯದ ಚೌಕಟ್ಟನ್ನು ದಾಟಿತು ಎಂದು ಷರಾ ಬರೆದರು. ಷರಾ ನಿಯಮದ ಪ್ರಕಾರ ಸರಿ. ಆದರೂ ನನ್ನ ಅಭಿಪ್ರಾಯ ಬೇರೆ. ಒತ್ತಡದ ಸೂತ್ರವನ್ನು ಮರುದಿನವೂ ಕೇಳಬಹುದು. ಬದುವಿನ ಪ್ರಶ್ನೆಯನ್ನು ಅಂದೇ ತಗೆದುಕೊಳ್ಳದಿದ್ದರೆ ಆ ಹುಡುಗಿಯ ಮುಂದೆ ಅದು ಜಗಳವಾಗಿ ಉಳಿಯುತ್ತಿತ್ತು. ಘಟಕ ಪರೀಕ್ಷೆಯನ್ನು ಮುಂದಿನ ವಾರ ನಡೆಸಿದೆ. ತ್ರಾಪಿಜ್ಯದ ಪ್ರಶ್ನೆಯನ್ನು ಹೆಚ್ಚಿನವರು ಬಿಡಿಸಿದರು. ಪರಿವರ್ತನೆಯಲ್ಲಿ ಎಡವಿದವರು ಅಲ್ಲಿಯೂ ಎಡವಿದರು.

ಮಕ್ಕಳ ಗ್ರಾಮಸಭೆಯಲ್ಲಿ ಇಬ್ಬರು ವಿದ್ಯಾರ್ಥಿಗಳು ಒಂದು ಪುಟದ ಲೆಕ್ಕ ಓದಿದರು. ಗಟಾರ 48.6 ಘನ ಮೀಟರ್, ಗರಸು 13 ಅಥವಾ 25 ಬ್ರಾಸ್, ನೀರಿನ ದಾರಿಗೆ ಹೊಲದವರ ಒಪ್ಪಿಗೆ ಇದೆ. 2005ರ ಉದ್ಯೋಗ ಖಾತ್ರಿ ಕಾಯ್ದೆಯಡಿ ಆಗ ಕೂಲಿಗೆ ಕನಿಷ್ಠ 60, ಸಾಮಗ್ರಿಗೆ ಗರಿಷ್ಠ 40 ಎಂಬ ಪ್ರಮಾಣವಿದ್ದುದನ್ನು ಅವರಿಗೆ ಮೊದಲೇ ತಿಳಿಸಿದ್ದೆ. ಗಟಾರ ತೆಗೆಯುವುದು ಪೂರ್ತಿ ಕೂಲಿಯ ಕೆಲಸ. ಸಭೆಯಲ್ಲಿ ಯಾರೂ ಇದನ್ನು ಅಲ್ಲಗಳೆಯಲಿಲ್ಲ. ಗರಸಿನ ವಿಷಯವನ್ನು ಮುಂದಿನ ಕ್ರಿಯಾ ಯೋಜನೆಗೆ ಬಿಟ್ಟರು. ನನ್ನ ಅವಧಿ ಮುಗಿಯುವ ಹೊತ್ತಿಗೆ ತಗ್ಗಿನ ತುದಿಯಿಂದ 60 ಮೀಟರ್ ಗಟಾರ ತೆಗೆದು ಮಣ್ಣನ್ನು ನಡುವಿಗೆ ಎಳೆದಿದ್ದರು, ಬದು ಒಂದು ಮೊಳ ತೆರೆದಿತ್ತು. ಮೇಲಿನ 120 ಮೀಟರ್ ಹಾಗೇ ಇದೆ.

ಅಳತೆಯ ಪುಸ್ತಕ ಮತ್ತು ಪೈಪು ಆ ಶಾಲೆಯ ವಿಜ್ಞಾನ ಕೊಠಡಿಯಲ್ಲಿವೆ. ಗೂಟಗಳಿಗೆ 1ರಿಂದ 10ರವರೆಗೆ ಸಂಖ್ಯೆ ಬರೆದಿದೆ. 1ನೇ ಗೂಟ ಗೇಟಿನ ಬಳಿ. ಮುಂದಿನ ತಂಡದವರು ಮುಂಗಾರಿಗೆ ಮೊದಲು ಒಮ್ಮೆ, ನಂತರ ಒಮ್ಮೆ ಅದೇ ಜಾಗಗಳಲ್ಲಿ ಮಟ್ಟ ತೆಗೆದರೆ, 7ರಿಂದ 10ರ ನಡುವಿನ ಹಾದಿ ಮತ್ತು 1ರಿಂದ 7ರ ನಡುವಿನ ಹಾದಿಗೆ ಆದ ವ್ಯತ್ಯಾಸ ಎಂಟನೇ ತರಗತಿಯವರಿಗೆ ಒಳ್ಳೆಯ ದತ್ತಾಂಶವಾಗುತ್ತದೆ.